ಕೆಂಪು ಕಾರ್ಡು, ಒದ್ದೆ ಬಟ್ಟೆ

ಜುಲೈ ೪

ಮೈದುನನಿಗೆ,

ಮುರಿದದ್ದು ನನ್ನ ಕಾಲು, ಕುಂಟುತ್ತಿರುವುದು ನೀನು ಎಂದು ಆಯಾ ಹೇಳಿಕಳಿಸಿದ್ದಾಳೆ. ಶಿಶುವಿಹಾರದ ಕೀಲಿಕೈ ನಿನ್ನ ಕೈಗೆ ಬಂದು ಎರಡು ದಿನವಾಗಿಲ್ಲ, ಆಗಲೇ ಸೊಂಟ ಹಿಡಿದುಕೊಂಡಿದೆಯಂತೆ. ಇಷ್ಟು ವರ್ಷ ಮಹಡಿಯ ಮೇಲೆ ಕಿಟಕಿ ಮುಚ್ಚಿಕೊಂಡು, "ಅತ್ತಿಗೆ, ನಿಮ್ಮ ಸೈನ್ಯಕ್ಕೆ ಸ್ವಲ್ಪ ಬುದ್ಧಿ ಹೇಳಿ" ಎಂದು ಕೂಗುತ್ತಿದ್ದವನು ಈಗ ಕೆಳಗಿಳಿದು ಬುದ್ಧಿ ಹೇಳು, ನೋಡೋಣ.

ನನಗೆ ಬೇರೆ ದಾರಿ ಇರಲಿಲ್ಲ. ಮಗನ ಮನೆಯಲ್ಲಿ ಲಿಫ್ಟ್ ಇದೆ, ಸೊಸೆ ಒಳ್ಳೆಯವಳು, ಪ್ಲಾಸ್ಟರ್ ಬಿಚ್ಚುವವರೆಗೆ ಇಲ್ಲಿಂದ ಏಳುವಂತಿಲ್ಲ. ಫೋನು ಮಾಡುವುದಿಲ್ಲ. ಶಿಳ್ಳೆ ಊದಿ ಊದಿ ನಿನಗೆ ಕಿವಿ ಕೇಳಿಸುವುದಿಲ್ಲ, ಕೇಳಿಸಿದ್ದನ್ನು ನೀನು ಒಪ್ಪುವುದಿಲ್ಲ. ಕಾಗದವಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕಲಾರೆ.

ಅಳುವ ಮಗುವಿಗೆ "ಅಳಬೇಡ" ಎನ್ನಬೇಡ. ಹತ್ತಿರ ಕೂರು, "ಅಳು ಬಂತಾ" ಅನ್ನು, ಸಾಕು. ಯಾರನ್ನೂ "ಸಾರಿ ಹೇಳು" ಎಂದು ಕಾಡಬೇಡ. ಮಕ್ಕಳು ಅದನ್ನು ಗಿಳಿಯ ಹಾಗೆ ಹೇಳಿ ಇನ್ನೊಂದು ಏಟು ಕೊಡುತ್ತಾರೆ. ನಮ್ಮಲ್ಲಿ ಒಂದೇ ಪದ್ಧತಿ. ನೋಯಿಸಿದ ಮಗು ಬಚ್ಚಲ ಬಾಗಿಲ ಹಿಂದೆ ತೂಗುವ ಬಟ್ಟೆಯನ್ನು ತೆಗೆದು, ಒದ್ದೆ ಮಾಡಿ, ಹಿಂಡಿ, ನೊಂದ ಮಗುವಿನ ಕೈಗೆ ಕೊಟ್ಟು, ಅದು ಸಮಾಧಾನವಾಗುವ ತನಕ ಪಕ್ಕದಲ್ಲಿ ಕೂರಬೇಕು. ತಪ್ಪು ಯಾರದು ಎಂಬ ವಿಚಾರಣೆ ಆಮೇಲೆ. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ಶಿಳ್ಳೆ ಮಾತ್ರ ಕೆಳಗೆ ತರಬೇಡ.

ಇಂತಿ,
ಅತ್ತಿಗೆ

*

ಜುಲೈ ೯

ಪೂಜ್ಯ ಅತ್ತಿಗೆಯವರಿಗೆ,

ಶಿಳ್ಳೆ ತಂದಿದ್ದೇನೆ. ಅದಿಲ್ಲದೆ ನನ್ನ ಕೈ ಎಲ್ಲಿಡಬೇಕೆಂದು ನನಗೆ ತಿಳಿಯುವುದಿಲ್ಲ.

ಮಕ್ಕಳ ಹೆಸರು ನೆನಪಿನಲ್ಲಿ ನಿಲ್ಲದ ಕಾರಣ ಬೆನ್ನಿಗೆ ನಂಬರು ಅಂಟಿಸಿದ್ದೇನೆ. ಮೊದಲ ದಿನವೇ ಒಂಬತ್ತು ಮತ್ತು ಆರು ಕಾಗದ ಬದಲಾಯಿಸಿಕೊಂಡರು. ನಾಲ್ಕನೇ ನಂಬರಿನವನು ತನ್ನದನ್ನು ತಿಂದ.

ನನ್ನ ಮುಂದೆ ಬಂದ ಮೊದಲ ದೂರು: ಎರಡನೇ ನಂಬರು ತನ್ನ ನೆರಳನ್ನು ತುಳಿದಿದ್ದಾನೆ, ನೆರಳಿಗೆ ನೋವಾಗಿದೆ ಎಂದು ಏಳನೇ ನಂಬರು ಅತ್ತಳು. ಇಷ್ಟು ವರ್ಷ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವನು ನಾನು, ಇಂಥ ಫೌಲ್ ಕಂಡಿಲ್ಲ. ಆಟ ಮುಂದುವರಿಯಲಿ ಎಂದು ಕೈ ಬೀಸಿದೆ. ಅವಳೂ ತಿರುಗಿ ಕೈ ಬೀಸಿ, "ಟಾಟಾ ತಾತ" ಎಂದಳು.

ಇನ್ನು ನಿಮ್ಮ ಒದ್ದೆ ಬಟ್ಟೆ. ಸೋಮವಾರ ಅದು ಒಂದು ಸಲ ಬಳಕೆಯಾಯಿತು. ಮಂಗಳವಾರ ಎಣಿಸಲಾಗಲಿಲ್ಲ, ಏಕೆಂದರೆ ಬಚ್ಚಲಲ್ಲಿ ನಲ್ಲಿ ತಿರುಗಿಸಲು ಸಿಗುವ ಏಕೈಕ ಅವಕಾಶ ಅದೆಂದು ಅವರಿಗೆ ಹೊಳೆದುಬಿಟ್ಟಿತ್ತು. ನನ್ನ ಕಣ್ಣೆದುರೇ ಇಬ್ಬರು ಮಾತಾಡಿಕೊಂಡರು: "ನೀನು ನಂಗೆ ಹೊಡಿ, ಮೆತ್ತಗೆ. ಆಮೇಲೆ ನಾನು ನಿಂಗೆ ಹೊಡೀತೀನಿ." ನಮ್ಮಲ್ಲಿ ಇದಕ್ಕೆ ಮ್ಯಾಚ್ ಫಿಕ್ಸಿಂಗ್ ಎನ್ನುತ್ತಾರೆ. ಆಯಾ ನೆಲದ ನೀರಿನಲ್ಲಿ ಜಾರಿ, "ನಿಮ್ಮತ್ತಿಗೆಗೆ ಒಂದು ಕಾಲು ಹೋಯ್ತು, ನಂದು ಎರಡೂ ಹೋಗ್ತಿತ್ತು" ಎಂದು ಅರ್ಧ ದಿನ ಗೊಣಗಿದಳು.

ಆದ್ದರಿಂದ ಬಟ್ಟೆಯ ಪದ್ಧತಿಯನ್ನು ತಡೆಹಿಡಿದು, ಕಾರ್ಡು ಜಾರಿಗೆ ತಂದಿದ್ದೇನೆ. ತಳ್ಳಿದರೆ ಹಳದಿ. ಕಚ್ಚಿದರೆ ಕೆಂಪು.

ತಮ್ಮ ವಿಧೇಯ,
ಮೈದುನ

*

ಜುಲೈ ೧೬

ಮೈದುನನಿಗೆ,

ನಿನ್ನ ಕಾಗದವನ್ನು ಸೊಸೆಗೆ ಗಟ್ಟಿಯಾಗಿ ಓದಿ ಹೇಳಿದೆ. ಪಕ್ಕದ ಕೋಣೆಯಲ್ಲಿ ಒಬ್ಬರು ನಕ್ಕರು. ನಕ್ಕದ್ದನ್ನು ಆಮೇಲೆ ಕೆಮ್ಮು ಮಾಡಿಕೊಂಡರು. ಯಾರೆಂದು ನಾನು ಬರೆಯುವುದಿಲ್ಲ. ಈ ಮನೆಯಲ್ಲಿ ಇರುವವರೇ ಮೂವರು.

ಮಕ್ಕಳು ನೀರಾಟಕ್ಕೆ ಹೊಡೆದಾಡಿದರೆ ನಲ್ಲಿಯ ಕೆಳಗೆ ಒಂದು ಬೋಗುಣಿ ಇಟ್ಟು ದಿನವೂ ಸ್ವಲ್ಪ ಹೊತ್ತು ನೀರಾಡಲು ಬಿಡು. ಹಸಿವಾದವನಿಗೆ ಅನ್ನ ಕೊಡದೆ ಕಳ್ಳ ಎನ್ನಬಾರದು. ನೆರಳು ತುಳಿದಾಗ ಕೈ ಬೀಸುವುದಲ್ಲ. "ನೆರಳಿಗೆ ಎಲ್ಲಿ ನೋವಾಯ್ತು, ತೋರಿಸು" ಎಂದು ಕೇಳಿದ್ದರೆ ಅವಳು ತೋರಿಸುತ್ತಿದ್ದಳು. ಆಗ ನೋವು ಯಾರದೆಂದು ನಿನಗೂ ತಿಳಿಯುತ್ತಿತ್ತು. ನಂಬರು ಕಿತ್ತು ಹಾಕು. ಹೆಸರು ನೆನಪಿರದಿದ್ದರೆ ಅಡ್ಡಹೆಸರಿಡು, ಆದರೆ ಅವರು ನಗುವಂಥದ್ದು.

ಮುಖ್ಯವಾದ ಮಾತು. ಸಲೂನಿನವರ ಮಗಳ ಮೇಲೆ ಕಣ್ಣಿರಲಿ. ಮನೆಗೆ ಹೊಸ ಪಾಪು ಬಂದಿದೆ, ತಾಯಿ ಇನ್ನೂ ಹಾಸಿಗೆ ಬಿಟ್ಟಿಲ್ಲ. ಆ ಮಗು ಕೋಪವನ್ನು ಹಲ್ಲಿನಲ್ಲಿಟ್ಟುಕೊಂಡು ತಿರುಗುತ್ತಿರುತ್ತದೆ. ಕಚ್ಚುವ ಮೊದಲು ಕೆಳತುಟಿ ಒಳಗೆಳೆದುಕೊಳ್ಳುತ್ತಾಳೆ. ಅದನ್ನು ಕಂಡ ಕೂಡಲೇ ಹೋಗಿ ಪಕ್ಕದಲ್ಲಿ ನಿಲ್ಲು. ಮಾತು ಬೇಡ.

ಇಂತಿ,
ಅತ್ತಿಗೆ

*

ಜುಲೈ ೨೫

ಪೂಜ್ಯ ಅತ್ತಿಗೆಯವರಿಗೆ,

ನಂಬರು ತೆಗೆದಿದ್ದೇನೆ. ಕಾಗದ ತಿಂದವನು ಈಗ ಬಟಾಣಿ. ಸಲೂನಿನವರ ಮಗಳು ಮೆಣಸು. ಎರಡೂ ಹೆಸರಿಗೆ ಅವರು ನಕ್ಕರು, ಆಯಾ ಸಾಕ್ಷಿ. ಬೋಗುಣಿಯನ್ನೂ ಇಟ್ಟಿದ್ದೇನೆ. ಮ್ಯಾಚ್ ಫಿಕ್ಸಿಂಗ್ ನಿಂತಿದೆ.

ಈಗ ನಿನ್ನೆಯ ಘಟನೆಯ ವರದಿ. ಬಣ್ಣದ ಪೆನ್ಸಿಲ್ ಹಂಚುತ್ತಿದ್ದೆ. ಹಿಂದೆ ಕಿರುಚಾಟ ಕೇಳಿ ತಿರುಗಿದೆ. ಮೆಣಸಿನ ಹಲ್ಲು ಬಟಾಣಿಯ ಭುಜದ ಮೇಲಿತ್ತು. ಸ್ಪಷ್ಟ ಫೌಲ್, ಚೆಂಡು ಹತ್ತಿರದಲ್ಲೆಲ್ಲೂ ಇಲ್ಲ. ತುಟಿ ನೋಡಲು ನನಗೆ ಅವಕಾಶವಾಗಲಿಲ್ಲ. ಕೆಂಪು ಕಾರ್ಡು ತೋರಿಸಿದೆ.

ಅವಳು ಅಳಲಿಲ್ಲ. ಕಾರ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲ ತೆಗೆದುಕೊಂಡು ಹೋಗಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಳು. ತಂದೆ ಬರುವವರೆಗೂ ಅಲ್ಲೇ ಇದ್ದಳು. ಆಯಾ ಕರೆದಾಗ, "ನಾನು ಔಟು" ಎಂದಳಂತೆ. ಫುಟ್‌ಬಾಲಿನಲ್ಲಿ ಔಟು ಎನ್ನುವುದಿಲ್ಲವೆಂದು ತಿದ್ದಬೇಕೆನಿಸಿತು. ತಿದ್ದಲಿಲ್ಲ.

ಕೆಂಪು ಕಾರ್ಡೆಂದರೆ ಹೊರಗೆ ಎಂದು ತಂದೆಗೆ ತಿಳಿಸಿದೆ. ಅವರು, "ಎಷ್ಟು ದಿನ?" ಎಂದರು. ಅದನ್ನು ನಾನು ಯೋಚಿಸಿರಲಿಲ್ಲ. "ತೀರ್ಪು ತೀರ್ಪೇ" ಎಂದೆ. ಇವತ್ತು ಅವಳು ಬಂದಿಲ್ಲ.

ತಮ್ಮ ವಿಧೇಯ,
ಮೈದುನ

*

ಜುಲೈ ೨೯

ಮೈದುನನಿಗೆ,

ಈ ಕಾಗದ ಬರೆಯುವ ಮೊದಲು ಎರಡು ಹರಿದು ಹಾಕಿದೆ. ಅವುಗಳಲ್ಲಿದ್ದುದು ನಿನ್ನ ವಯಸ್ಸಿನವರು ಓದುವಂಥದ್ದಲ್ಲ.

ಮಗುವನ್ನು ಹೊರಗೆ ಹಾಕಿದ ಶಾಲೆ ನನ್ನದಲ್ಲ. ಮನೆಯಲ್ಲಿ ತೊಟ್ಟಿಲಿಗೆ ಬೇರೆಯವರು ಬಂದರು, ಇಲ್ಲಿ ಬಾಗಿಲು ತೋರಿಸಿದ್ದು ನೀನು. ಅವಳು ಇನ್ನು ಎಲ್ಲಿಗೆ ಹೋಗಬೇಕು? ಮೆಣಸು ವಾಪಸು ಬರದಿದ್ದರೆ ಅಕ್ಟೋಬರಿನಲ್ಲಿ ನಾನು ಬಂದು ಮೊದಲು ಮಾಡುವ ಕೆಲಸ ಬೀಗ ಹಾಕುವುದು. ಇದು ಬೆದರಿಕೆ ಅಲ್ಲ, ನಿನಗೆ ಗೊತ್ತು, ನನಗೆ ಬೆದರಿಸಲು ಬರುವುದಿಲ್ಲ.

ಹಲ್ಲು ಭುಜದ ಮೇಲಿದ್ದುದನ್ನು ನೀನು ಕಂಡೆ. ಅದಕ್ಕೆ ಮುಂಚೆ ಏನಾಯಿತು? ನಿನ್ನ ಬೆನ್ನು ಅವರ ಕಡೆ ಇತ್ತಲ್ಲವೇ? ನೀನು ಯಾವಾಗಲೂ ತಿರುಗಿ ನೋಡುವ ಹೊತ್ತಿಗೆ ಎರಡನೇ ಏಟು ನಡೆಯುತ್ತಿರುತ್ತದೆ. ಈ ಮಾತು ನನ್ನದಲ್ಲ. ಪಕ್ಕದ ಕೋಣೆಯವರು ಎಂಟು ವರ್ಷದಿಂದ ಹೇಳುತ್ತಿರುವುದು. ಅವರಿಗೆ ಹೇಳಲು ಯಾರೂ ಇಲ್ಲದೆ ನನಗೆ ಹೇಳುತ್ತಾರೆ.

ಹೋಗಿ ಕರೆದುಕೊಂಡು ಬಾ.

ಅತ್ತಿಗೆ

*

ಆಗಸ್ಟ್ ೬

ಪೂಜ್ಯ ಅತ್ತಿಗೆಯವರಿಗೆ,

ಒಮ್ಮೆ ಕೊಟ್ಟ ತೀರ್ಪನ್ನು ನಾನು ಎಂದೂ ಹಿಂತೆಗೆದುಕೊಂಡಿಲ್ಲ. ಇದು ಹೆಮ್ಮೆಯಿಂದ ಹೇಳುತ್ತಿರುವುದಲ್ಲ, ಕೆಲಸದ ರೀತಿಯೇ ಹಾಗೆ. ತೀರ್ಪು ಬದಲಾಯಿಸುವ ರೆಫರಿಯ ಸುತ್ತ ಇಪ್ಪತ್ತೆರಡು ಜನ ನಿಂತು ವಾದಿಸುತ್ತಾರೆ. ಸ್ವಂತ ಅಣ್ಣನ ಮಗ, ಆರನೇ ನಂಬರಿನ ಅಂಗಿಯವನು, ಕೆಂಪು ಕಾರ್ಡು ಕಂಡು ಗೆರೆಯ ಹೊರಗೆ ನಡೆದುಹೋಗುವಾಗಲೂ ನಾನು ಮಾಡಿದ್ದು ಗಡಿಯಾರ ನೋಡಿಕೊಂಡು ಆಟ ಮುಂದುವರಿಸಿದ್ದು. ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಅವನ ಮದುವೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತು ಊಟ ಮಾಡದೆ ಬಂದದ್ದು ನಿಮಗೆ ಗೊತ್ತಿದೆ. ಅದರ ಮಾತು ಇಲ್ಲಿ ಬೇಡ.

ಇಲ್ಲಿನ ಪರಿಸ್ಥಿತಿ ಚೆನ್ನಾಗಿಲ್ಲ. ಮಕ್ಕಳು ರಟ್ಟು ಕತ್ತರಿಸಿ ತಮ್ಮದೇ ಕಾರ್ಡು ಮಾಡಿಕೊಂಡಿದ್ದಾರೆ. ಆಯಾ ನೆಲ ಒರೆಸುವಾಗ ದಾರಿಗೆ ಅಡ್ಡ ಬಂದಳೆಂದು ಅವಳಿಗೆ ಎರಡು ಕೆಂಪು. ತಡವಾಗಿ ಬಂದ ಹಾಲಿನವನಿಗೆ ಒಂದು. ನನಗೆ ನಿನ್ನೆ ಏಳನೇ ನಂಬರಿನವಳು, ಎಂದರೆ ನೆರಳಿನವಳು, ಹಳದಿ ತೋರಿಸಿದಳು. "ಯಾಕಮ್ಮ?" ಎಂದೆ. "ನಿನ್ ಮುಖಕ್ಕೆ" ಎಂದಳು.

ಮೆಣಸಿನ ಚೀಲ ತೂಗುತ್ತಿದ್ದ ಜಾಗ ಖಾಲಿ. ದಿನವೂ ಬಂದು ನೋಡುತ್ತಾರೆ. ಬಟಾಣಿ ಕೇಳಿದ: "ತಾತ, ಮೆಣಸು ಸತ್ತೋದ್ಲಾ?" ಇಲ್ಲವೆಂದೆ. "ಮತ್ತೆ ನೀನು ಅವಳನ್ನ ಎಲ್ಲಿಗೆ ಕಳಿಸ್ದೆ?" ನಾನು ಅವನನ್ನೇ ಕೇಳಿದೆ, ಕಚ್ಚುವ ಮೊದಲು ಏನಾಯಿತೆಂದು. ಅವನು ಬಹಳ ಸಹಜವಾಗಿ ಹೇಳಿದ: "ನಿಮ್ಮಮ್ಮಂಗೆ ಹೊಸ ಪಾಪು ಬಂತಲ್ಲ, ನೀನು ಇನ್ನು ಬೇಡ, ನಿನ್ನ ಇಲ್ಲೇ ಬಿಟ್ಟುಬಿಡ್ತಾರೆ ಅಂದೆ." ಯಾರು ಹೇಳಿದರು ನಿನಗೆ ಎಂದೆ. "ನಮ್ಮಣ್ಣ. ನಾನು ಹುಟ್ದಾಗ ಅವನಿಗೂ ಹಂಗೇ ಆಯ್ತಂತೆ."

ಬಾಯಿಮಾತಿಗೆ ಗುರುತು ಬೀಳುವುದಿಲ್ಲ. ಭುಜದ ಮೇಲೆ ಹಲ್ಲಿನದು ಬಿದ್ದಿತ್ತು. ನಾನು ಕಂಡದ್ದು ಅದನ್ನೇ.

ಈ ವಿಷಯವನ್ನು ಯೋಚಿಸುತ್ತಿದ್ದೇನೆ. ಯೋಚಿಸುವುದೆಂದರೆ ಹಿಂತೆಗೆದುಕೊಂಡಂತಲ್ಲ ಎಂದು ದಯವಿಟ್ಟು ಗಮನಿಸಿ.

ತಮ್ಮ ವಿಧೇಯ,
ಮೈದುನ

*

ಆಗಸ್ಟ್ ೧೧

ಯೋಚಿಸಿದ್ದು ಸಾಕು. ತೀರ್ಪನ್ನು ಮನೆಯಲ್ಲಿಟ್ಟು ಬಟ್ಟೆ ತೆಗೆದುಕೊಂಡು ಹೋಗು.

ಅತ್ತಿಗೆ

*

ಆಗಸ್ಟ್ ೨೦

ಪೂಜ್ಯ ಅತ್ತಿಗೆಯವರಿಗೆ,

ಹೋಗಿದ್ದೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೊರಟೆ. ಸಲೂನು ತಲುಪುವ ಹೊತ್ತಿಗೆ ಪ್ಯಾಂಟಿನ ಸ್ಥಿತಿ ಏನಾಗಿತ್ತೆಂದು ನಾನು ಬರೆಯಬೇಕಾಗಿಲ್ಲ. ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ಸರಿದು ಜಾಗ ಕೊಟ್ಟರು. ಒಬ್ಬರು, "ಪಾಪ, ವಯಸ್ಸಾಯ್ತು, ಅವರನ್ನೇ ಮೊದಲು ಬಿಡಿ" ಎಂದರು. ಹಾಗೆ ಸರದಿ ತಪ್ಪಿಸಿ ನಾನು ಕುರ್ಚಿ ಸೇರಿದೆ. ಇದು ನನ್ನ ತತ್ವಕ್ಕೆ ವಿರುದ್ಧ.

"ಕಟಿಂಗಾ, ಶೇವಿಂಗಾ?"

"ಎರಡೂ ಅಲ್ಲ. ಮಾತಾಡ್ಬೇಕಿತ್ತು."

"ಮಾತು ಫ್ರೀ ಸಾರ್, ಕುರ್ಚಿ ಫ್ರೀ ಇಲ್ಲ" ಎಂದು ಅವರು ನನ್ನ ಕೆನ್ನೆಗೆ ನೊರೆ ಹಚ್ಚಿದರು. ಕತ್ತಿ ಗಂಟಲ ಹತ್ತಿರ ಬಂದಾಗ ಕನ್ನಡಿಯಲ್ಲಿ ನನ್ನ ಮುಖವನ್ನು ಸರಿಯಾಗಿ ನೋಡಿ ಕೇಳಿದರು: "ಕೆಂಪು ಕಾರ್ಡ್ ತಾತ ನೀವೇನಾ?"

ಹೌದು ಎನ್ನಲು ಗಂಟಲು ಅಲುಗಿಸಬೇಕು. ಆ ಹೊತ್ತಿನಲ್ಲಿ ಅದು ಜಾಣತನವೆನಿಸಲಿಲ್ಲ. ರೆಪ್ಪೆ ಬಡಿದೆ.

"ಮನೇಲಿ ಊಟ ಬಿಟ್ಟವ್ಳೆ ಸಾರ್" ಎಂದರು. ಕೈ ನಿಲ್ಲಿಸಲಿಲ್ಲ. "ಯಾಕೆ ಅಂದ್ರೆ, ನಾನು ಔಟು ಅಂತಾಳೆ. ಮನೆಯಿಂದಾನೂ ಔಟಾ ಅಂತ ಅವರಮ್ಮನ್ನ ಕೇಳಿದ್ಲು."

ಆಗ ಕನ್ನಡಿಯ ಕೆಳಗಿನ ಕಪಾಟಿನೊಳಗಿಂದ ಒಂದು ದನಿ: "ಅಪ್ಪಾ, ಆ ತಾತನ ಜೊತೆ ನಾನು ಟೂ!" ಅವಳು ಅಲ್ಲಿ ಪೌಡರು ಡಬ್ಬಿಗಳ ಮಧ್ಯೆ ಕೂತಿದ್ದಳು. ನಾನು ಬೆಚ್ಚಿದೆ. ಗಲ್ಲದ ಮೇಲೆ ಸಣ್ಣ ಗಾಯವಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡೇ ಕುರ್ಚಿಯಿಂದಿಳಿದು ನೆಲದ ಮೇಲೆ, ಕೂದಲಿನ ಮೇಲೆ, ಕೂತೆ. ಬಟ್ಟೆ ಕೊಟ್ಟೆ. ಅವಳು ಮುಟ್ಟಿ ನೋಡಿ, "ಇದು ಒದ್ದೆ ಇಲ್ಲ" ಎಂದಳು. ನೀರೆಲ್ಲ ಪ್ಯಾಂಟು ಕುಡಿದಿತ್ತು. ಬೆಂಚಿನವರಿಗೆ ಆಗ ವಿಷಯ ಅರ್ಥವಾಗಿ ಒಂದು ದೊಡ್ಡ "ಓಹೋ" ಬಂತು. ತಂದೆ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಅವಳ ಕೈಗೇ ಕೊಟ್ಟರು.

ನಿಮ್ಮ ನಿಯಮದ ಪ್ರಕಾರ ಪಕ್ಕದಲ್ಲಿ ಕೂತೆ. ಅವಳು ಅಳುತ್ತಿರಲಿಲ್ಲವಾದ್ದರಿಂದ ಯಾವಾಗ ಮುಗಿಯುತ್ತದೆಂದು ತಿಳಿಯಲಿಲ್ಲ. ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. "ಅದು ಯಾಕೆ ನೋಡ್ತೀಯ? ನಿಂಗೆ ಹೋಗ್ಬೇಕಾ?" ಎಂದಳು. ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅದನ್ನು ಕಿವಿಗೆ ಹಿಡಿದು ಕೇಳುತ್ತಾ ಕೂತಳು. ನಮ್ಮನ್ನು ಸುತ್ತುಹಾಕಿಕೊಂಡು ಬೆಂಚಿನ ಜನವೆಲ್ಲ ಒಬ್ಬೊಬ್ಬರಾಗಿ ಕ್ಷೌರ ಮಾಡಿಸಿಕೊಂಡು ಹೋದರು. ಕೊನೆಗೆ ಅವಳು ನನ್ನ ಗಲ್ಲ ನೋಡಿ, "ರಕ್ತ" ಎಂದು, ಬಟ್ಟೆಯನ್ನು ಅಲ್ಲಿ ಒತ್ತಿದಳು. ಸ್ವಲ್ಪ ಜೋರಾಗಿಯೇ ಒತ್ತಿದಳು. ಅದು ನ್ಯಾಯ.

"ನೀನು ಔಟಲ್ಲ" ಎಂದೆ. ಬರೆದಿಡಿ ಅತ್ತಿಗೆ, ತೀರ್ಪು ಹಿಂತೆಗೆದಿದ್ದೇನೆ. ಸುತ್ತ ಯಾರೂ ನಿಂತು ವಾದಿಸಲಿಲ್ಲ.

ಅವಳ ಷರತ್ತುಗಳಿದ್ದವು. "ಬಟಾಣಿ ಪಕ್ಕ ಕೂರಲ್ಲ."

"ಸರಿ."

"ನಿನ್ ಪಕ್ಕಾನೂ ಕೂರಲ್ಲ."

"ಮತ್ತೆ ಎಲ್ಲಿ ಕೂರ್ತೀಯಮ್ಮ?"

"ಆಯಾ ಮೇಲೆ. ಮತ್ತೆ ಆ ಕೆಂಪು ನಂಗೆ ಬೇಕು."

ಕೊಟ್ಟುಬಿಟ್ಟೆ. ಈಗ ಪಾಪು ಅತ್ತಾಗಲೆಲ್ಲ ತೊಟ್ಟಿಲಿಗೆ ಕಾರ್ಡು ತೋರಿಸುತ್ತಾಳಂತೆ. ಆಮೇಲೆ ತಾನೇ ಹೋಗಿ ಬಟ್ಟೆ ಒದ್ದೆ ಮಾಡಿ ತರುತ್ತಾಳಂತೆ. ಪಾಪುವಿಗೆ ನೆಗಡಿಯಾಗಿದೆ. ತಂದೆ ದೂರಲಿಲ್ಲ.

ಗುರುವಾರದಿಂದ ಬರುತ್ತಿದ್ದಾಳೆ. ಬಂದ ದಿನ ಬಟಾಣಿ ಬಚ್ಚಲಿಗೆ ಓಡಿ ಹೋಗಿ ಬಟ್ಟೆ ತಂದ, ಯಾರೂ ಹೇಳಿರಲಿಲ್ಲ. ಹಿಂಡುವುದನ್ನು ಮರೆತಿದ್ದ. ಇಬ್ಬರೂ ನೆನೆದು, ಇಬ್ಬರೂ ಆಯಾಳ ಮೇಲೆ ಕೂತರು. ಆಯಾ ನನ್ನ ಕಡೆ ನೋಡಿ, "ನಾನೇನು ಗ್ಯಾಲರಿನಾ?" ಎಂದಳು.

ತಮ್ಮ ವಿಧೇಯ,
ಮೈದುನ

*

ಸೆಪ್ಟೆಂಬರ್ ೩

ಮೈದುನನಿಗೆ,

ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ನನ್ನದಲ್ಲ, ಯಾವುದೋ ಕೊಕ್ಕರೆಯದು. ಅಕ್ಟೋಬರ್ ಮೊದಲ ವಾರ ಬರುತ್ತೇನೆ. ಬೀಗ ಹಾಕುವುದಿಲ್ಲ. ಬೆಳಗಿನ ಹೊತ್ತು ನೀನು ಕೆಳಗಿಳಿದು ಬರುವುದನ್ನು ಮುಂದುವರಿಸಬಹುದು, ಮಕ್ಕಳು ಒಪ್ಪಿದರೆ.

ಸಲೂನಿನ ಕಾಗದವನ್ನು ಈ ಸಲ ಗಟ್ಟಿಯಾಗಿ ಓದಲಿಲ್ಲ. ಮೇಜಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಅದು ಬೇರೆ ರೀತಿ ಮಡಿಚಿಕೊಂಡಿತ್ತು. ತಿಂಡಿ ತಿನ್ನುವಾಗ ಒಬ್ಬರು, "ಚಿಕ್ಕಪ್ಪ ನಿಜವಾಗ್ಲೂ ನೆಲದ ಮೇಲೆ ಕೂತ್ರಾ?" ಎಂದರು. ಹೂಂ ಎಂದೆ. ಸ್ವಲ್ಪ ಹೊತ್ತಾದ ಮೇಲೆ, "ಗಡಿಯಾರ ಬಿಚ್ಚಿದ್ರಾ?" ಹೂಂ ಎಂದೆ. ಆಫೀಸಿಗೆ ಹೊರಟವರು ಬಾಗಿಲಿನಿಂದ ವಾಪಸು ಬಂದು, "ಆ ಹಳೇ ಗಡಿಯಾರಾನಾ?" ಎಂದರು.

ನಾನು ಏನೂ ಹೇಳುವುದಿಲ್ಲ. ನನ್ನ ಕೆಲಸ ಐದು ವರ್ಷದೊಳಗಿನವರ ಜೊತೆ.

ಇಂತಿ,
ಅತ್ತಿಗೆ

*

ಸೆಪ್ಟೆಂಬರ್ ೨೦

ಚಿರಂಜೀವಿಗೆ,

ಇದರ ಜೊತೆ ಒಂದು ಬಟ್ಟೆ ಇದೆ. ಅಂಚೆಗೆ ಹಾಕುವಾಗ ಒದ್ದೆಯಿತ್ತು. ಕೌಂಟರಿನವರು ಒದ್ದೆ ಲಕೋಟೆ ತೆಗೆದುಕೊಳ್ಳುವುದಿಲ್ಲವೆಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ಒಳಗಿರುವುದೇನು ಎಂದು ಕೇಳಿದರು. "ಬಟ್ಟೆ, ಎಂಟು ವರ್ಷ ತಡವಾಗಿದೆ" ಎಂದೆ. ಹಾಗಾದರೆ ಸ್ಪೀಡ್ ಪೋಸ್ಟ್ ಮಾಡಿ ಎಂದರು.

ಆ ಪಂದ್ಯದ ದಿನ ನಿನ್ನ ಕಾಲಿನ ಮೇಲೆ ಆ ಎದುರಾಳಿ ಮೊದಲು ತುಳಿದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಬೆನ್ನು ಆ ಕಡೆ ಇತ್ತು. ನಾನು ಕಂಡದ್ದು ನೀನು ಅವನನ್ನು ತಳ್ಳಿ ಕೆಡವಿದ್ದನ್ನು. ಕಾಣದ್ದನ್ನು ರೆಫರಿ ವರದಿಯಲ್ಲಿ ಬರೆಯಲಾಗದು. ಆ ಕಾರ್ಡನ್ನು ಇವತ್ತೂ ಕೊಡುತ್ತಿದ್ದೆ. ಆದರೆ ಬಟ್ಟೆಗೆ ವರದಿ ಬೇಕಿಲ್ಲವೆಂದು ನಿಮ್ಮಮ್ಮನ ಶಾಲೆಯಲ್ಲಿ ಕಲಿತೆ. ತೀರ್ಪು ಬೇರೆ, ಬಟ್ಟೆ ಬೇರೆ.

ಪಕ್ಕದಲ್ಲಿ ಕೂರುವುದು ನಿಯಮದ ಎರಡನೇ ಭಾಗ. ಅದಕ್ಕೆ ಅಂಚೆಯಲ್ಲಿ ಏರ್ಪಾಡಿಲ್ಲ, ವಿಚಾರಿಸಿದೆ.

ಚಿಕ್ಕಪ್ಪ

*

ಸೆಪ್ಟೆಂಬರ್ ೨೬

ಚಿಕ್ಕಪ್ಪನಿಗೆ,

ಬಟ್ಟೆ ಬಂತು. ಒಣಗಿರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೂಸ್ಟು ಹಿಡಿದು ಹಸಿರಾಗಿತ್ತು. ಅಮ್ಮ ಮೂಗು ಮುಚ್ಚಿಕೊಂಡು, "ಅವನು ಕೊಟ್ಟ ಮೂರನೇ ಬಣ್ಣದ ಕಾರ್ಡು" ಎಂದರು. ಒಗೆದು ಹರವಿದ್ದೇನೆ.

ಆ ಎದುರಾಳಿ ಮೊದಲು ತುಳಿದಿದ್ದ. ಎರಡು ಸಲ. ಆ ಕಾರ್ಡು ತಪ್ಪು. ಇದನ್ನು ನಾನೂ ಇವತ್ತಷ್ಟೇ ಅಲ್ಲ, ಯಾವತ್ತೂ ಹೀಗೇ ಹೇಳುತ್ತೇನೆ.

ಅಮ್ಮನನ್ನು ಬಿಡಲು ನಾನೇ ಬರುತ್ತಿದ್ದೇನೆ, ಅಕ್ಟೋಬರ್ ನಾಲ್ಕು, ಶನಿವಾರ. ನಿಮ್ಮ ಬಟ್ಟೆಯನ್ನೂ ತರುತ್ತೇನೆ. ಒದ್ದೆ ಮಾಡುವ ಕೆಲಸ ನಿಮ್ಮದು; ಹಿಂಡುವುದನ್ನು ಮರೆಯಬೇಡಿ. ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂರುತ್ತೇನೆ. ನೀವು ಪಕ್ಕದಲ್ಲಿ ಕೂರಬೇಕು. ಯಾವಾಗ ಮುಗಿಯಿತೆಂದು ನಾನು ಹೇಳುತ್ತೇನೆ. ಅಲ್ಲಿಯವರೆಗೆ ಗಡಿಯಾರ ಮೆಣಸಿನ ಕೈಯಲ್ಲಿರಲಿ.

ನಿಮ್ಮ,
ಆರನೇ ನಂಬರು